48 ಗಂಟೆಗಳ ಒಡೆತನ

ಬಾಡಿಗೆಯೆಂಬ ವ್ಯವಹಾರದಲ್ಲಿ ಪಡೆದ ವಸ್ತುವನ್ನು ಹಿಂದಿರುಗಿಸುವ ಶ್ರಮವೊಂದಾದರೂ ಇರತಕ್ಕದ್ದೆಂಬುದು ಲೋಕರೂಢಿಯಾಗಿದ್ದಿತು. ಅಂತರ್ಜಾಲದಲ್ಲಿ ಬಾಡಿಗೆಗೆ ಪಡೆದ ಚಲನಚಿತ್ರವಾದರೋ ತಾನಾಗಿಯೇ ಅಂತರ್ಧಾನ ಹೊಂದಿ ನಮ್ಮನ್ನು ಆ ಶ್ರಮದಿಂದಲೂ ಪಾರುಮಾಡುತ್ತದೆ. ಹಣ ತೆತ್ತ ಮೇಲೆ ನೋಡಲಾರಂಭಿಸಲು ಸಾಮಾನ್ಯವಾಗಿ 30 ದಿನಗಳ ಉದಾರ ಅವಕಾಶ. ಒಮ್ಮೆ ಆರಂಭಿಸಿದೆವೋ, 48 ಗಂಟೆಗಳೊಳಗೆ ಮುಗಿಸಬೇಕೆಂಬ ಕಟ್ಟಪ್ಪಣೆ. ಪೂರ್ವಾರ್ಧ ಮುಗಿಯುವಷ್ಟರಲ್ಲಿ ನೆಂಟರು ಬಂದು, ಮರುದಿನ ಕರೆಂಟು ಹೋಗಿ, ಅದರ ಮರುದಿನ ಮನೆಯಾಕೆಗೆ ತಲೆನೋವು ಬಂದಿತೆಂದರೆ, ಕೊಲೆಗಾರನಾರೆಂದು ತಿಳಿಯುವ ಭಾಗ್ಯಕ್ಕಾಗಿ ಮತ್ತೊಮ್ಮೆ ದಕ್ಷಿಣೆ ಸಲ್ಲಿಸತಕ್ಕದ್ದು. ದೊಡ್ಡ ಪರದೆಯಲ್ಲಿ ನೋಡೋಣವೆಂದು ಹಳೆಯ ಟಿ.ವಿ.ಗೆ ಕೇಬಲ್ಲು ಸಿಕ್ಕಿಸಿದರೆ, ನಕಲು ಮಾಡಿಯಾರೆಂಬ ಶಂಕೆಯಿಂದ ಚಿತ್ರವೇ ಮೂಡದಿರುವುದೂ ಉಂಟು. ದುಡ್ಡು ಕೊಟ್ಟವನನ್ನೇ ಕಳ್ಳನೆಂದು ಸಂದೇಹಿಸುವ ಈ ಶಿಷ್ಟಾಚಾರವನ್ನು ವಿಡಿಯೊ ಕ್ಯಾಸೆಟ್ಟಿನ ಅಂಗಡಿಯವನು, ಪಾಪ, ಅರಿತಿರಲಿಲ್ಲ.

ಇನ್ನು ತೆರುವ ಹಣದ ಮಾತು: 2022ರ ಮೇ 16ರಂದು ‘ಕೆ.ಜಿ.ಎಫ್: ಚಾಪ್ಟರ್ 2’ ಪ್ರೈಮ್ ವಿಡಿಯೊದಲ್ಲಿ 199 ರೂಪಾಯಿ ಬಾಡಿಗೆಗೆ ದೊರೆಯಿತು, ಜೂನ್ 3ರಿಂದ ಚಂದಾದಾರರಿಗೆ ಬೇರೆ ಶುಲ್ಕವಿಲ್ಲದೆಯೇ ಲಭಿಸಿತು. ಅರ್ಥಾತ್ ಚಂದಾದಾರನು ತೆತ್ತ ಆ ಹಣ ಚಿತ್ರಕ್ಕಲ್ಲ, 18 ದಿನಗಳ ಅವಸರಕ್ಕೆ ಕಟ್ಟಿದ ಕಂದಾಯ!

ಆದರೂ ನ್ಯಾಯವಾಗಿ ನುಡಿಯುವುದಾದರೆ, ಮನೆಮಂದಿಯೆಲ್ಲ ಒಂದೇ ಬಾಡಿಗೆಯಲ್ಲಿ ಕಣ್ಣು ತಣಿಸಿಕೊಳ್ಳುವಾಗ, ಮಲ್ಟಿಪ್ಲೆಕ್ಸಿನ ಟಿಕೆಟ್ಟು, ಪಾರ್ಕಿಂಗು, ಪಾಪ್‌ಕಾರ್ನ್‌ಗಳ ವೆಚ್ಚವನ್ನು ನೆನೆದರೆ ಇದು ಅಗ್ಗವೇ ಸರಿ. ಅರ್ಧ ನೋಡಿ ನಿದ್ರೆಗೆ ಶರಣಾಗುವ ಅಭ್ಯಾಸವುಳ್ಳ ಒಂಟಿ ಪ್ರೇಕ್ಷಕರು ಮಾತ್ರ, ಚಿತ್ರವು ಚಂದಾದೊಳಗೆ ಸೇರುವವರೆಗೆ ಕಾಯುವುದೇ ಲೇಸು.