ಫೀಲ್ ಇಲ್ಲದವನ ಬಹಿರಂಗ ಪತ್ರ

ವಿಮಾನ ಸಿಮ್ಯುಲೇಟರಿನ ಮಾಸ್ಟ್ರಿಗೆ ಬಂಟ್ವಾಳದಿಂದ ನಮಸ್ಕಾರ.

ಇವತ್ತೂ ಮೂಡುಬಿದಿರೆಯಿಂದ ಸಿದ್ಧಕಟ್ಟೆ ಬಸ್ಸಿನಲ್ಲಿ ನಿಂತೇ ಬಂದೆ. ಕಿಸೆಯಲ್ಲಿ ನೀವು ಬರೆದುಕೊಟ್ಟ ಚೀಟಿ: "ಲ್ಯಾಂಡಿಂಗ್ ಪರವಾಗಿಲ್ಲ, ಫೀಲ್ ಸಾಲದು." ಕರೆಂಟಿಗೆ ಕಾದದ್ದು, ನಿಮಗೆ ಕಾದದ್ದು ಎಲ್ಲ ಸೇರಿ ಒಂದು ಮಧ್ಯಾಹ್ನ ಹೋಯಿತು, ಸಿಕ್ಕಿದ್ದು ನಾಲ್ಕು ಪದ.

ಫೀಲ್ ಎಂದರೆ ಎಂತದು ಮಾರಾಯ್ರೆ? ನಿಜವಾದ ವಿಮಾನವಾದರೆ ಕೂತ ಸೀಟೇ ಏರಿಳಿತ ಹೇಳುತ್ತದೆ. ನಾನು ಕೂತದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅದು ಏನಾದರೂ ಹೇಳುವುದಿದ್ದರೆ ಕಾಲು ಮುರಿದಾಗ ಮಾತ್ರ.

ಕಾಲೆಂದಾಗ ನೆನಪಾಯಿತು. ಟೇಕಾಫ್‌ನಲ್ಲಿ ಸೆಸ್ನಾ 172 ಎಡಕ್ಕೆ ಎಳೆಯಿತು. ನೀವು ಗೋಳಿಬಜೆ ಬಾಯಲ್ಲಿಟ್ಟುಕೊಂಡೇ "ಕಾಲು! ಕಾಲು!" ಎಂದು ಕೂಗಿದಿರಿ. ಯಾವ ಕಾಲು? ನನಗಿರುವುದು ಎರಡು. ಪೂರ್ತಿ ಪವರ್ ಕೊಟ್ಟಾಗ ಮೂತಿ ಎಡಕ್ಕೆ ತಿರುಗುತ್ತದೆ, ಬಲ ಪೆಡಲ್ ಒತ್ತಬೇಕು, ಡಯಲಿನ ಚೆಂಡು ಯಾವ ಕಡೆ ಓಡಿತೋ ಆ ಕಡೆಯದ್ದೇ ತುಳಿಯಬೇಕು. ಇದಿಷ್ಟನ್ನು ಮನೆಗೆ ಬಂದು ಓದಿಕೊಂಡೆ. "ಬಲಗಾಲು" ಎನ್ನಲಿಕ್ಕೆ ಗೋಳಿಬಜೆ ನುಂಗುವಷ್ಟು ಹೊತ್ತೂ ಬೇಡ.

ಬೆಳ್ತಂಗಡಿಯ ಗಡಾಯಿಕಲ್ಲಿಗೊಂದು ಸುತ್ತು ಹಾಕಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಸಿದೆ. "ಹ್ಯಾಂಡಲ್ ಬೇಗ ಎಳೆದಿರಿ" ಎಂದಿರಿ. ತಡೆದು ಎಳೆದರೆ "ತಡವಾಯಿತು." ಮತ್ತೆ ಇಳಿಸಿದರೆ ಫೀಲ್ ಇಲ್ಲ. ಸ್ಪೀಡು 65 ನಾಟ್ ಇತ್ತೋ, 80 ಇತ್ತೋ? ರನ್‌ವೇ ಬದಿಯ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗೆ. ನನಗೆ ಕಂಡದ್ದು ಯಾವುದೆಂದು ನಿಮಗೆ ಗೊತ್ತುಂಟಾ? ನೀವು ಆಗ ಮೊಬೈಲ್ ನೋಡುತ್ತಿದ್ದಿರಿ. ಆಕಾಶದಲ್ಲಿ ವಿಮಾನ ನಿಲ್ಲಿಸಿ ಪಾಠ ಹೇಳಲಿಕ್ಕಾಗುವುದಿಲ್ಲ. ನಿಮ್ಮ ಯಂತ್ರದಲ್ಲಿ ಆಗುತ್ತದೆ. ಪಾಜ್ ಬಟನ್ ಇದೆ, ರೀಪ್ಲೇ ಇದೆ. ನೀವು ಒತ್ತುವುದು ಫ್ಯಾನಿನ ಸ್ವಿಚ್ಚು ಮಾತ್ರ.

ತಮಾಷೆ ಸಾಕು. 2010ರ ಮೇ 22ರಂದು ಇದೇ ಬಜ್ಪೆಯ ಗುಡ್ಡದಂಚಿನಲ್ಲಿ ವಿಮಾನ ದುರಂತದಲ್ಲಿ 158 ಜನ ಹೋದರು. ತನಿಖಾ ವರದಿಯವರು ಫೀಲ್ ಸಾಲದು ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ. ವಿಮಾನ ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು ಎಂದು ಅಳತೆ ಸಮೇತ ಬರೆದರು. ನನಗೂ ಅಷ್ಟೇ ಬೇಕು: ಎಲ್ಲಿ ಮುಟ್ಟಿತು, ಎಷ್ಟು ಸ್ಪೀಡು, ಯಾವ ಕಾಲು. ಅದನ್ನು ಹೇಳಲಿಕ್ಕೆ ಬಾರದಿದ್ದರೆ ಬೋರ್ಡು ಇಳಿಸಿ.

ಈ ತಿಂಗಳ ಫೀಸು ಬಾಕಿ ಇದೆ ಎಂದು ಬೆಳಿಗ್ಗೆಯಿಂದ ಮೆಸೇಜು ಮಾಡುತ್ತಿದ್ದೀರಿ. ಕೊಟ್ಟಾಗಿದೆ ಮಾಸ್ಟ್ರೇ. ನಿಮಗೆ ಫೀಲ್ ಆಗಲಿಲ್ಲವಾ?

ಇಂತಿ,
ಎರಡು ಕಾಲಿನ ಶಿಷ್ಯ