ಭೂಮಿಗೆ ತಲೆ ತಿರುಗಿದ ಹಬ್ಬ

ಪುಕ್ಕಟೆ ಎಂದರೆ ನಮ್ಮ ಯಾದಗಿರಿ ಕಡೆಯ ಸಗರನಾಡಿನ ಮಂದಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ರೊಕ್ಕ ಕೊಟ್ಟು ತಂದ ಬೀಜವೇ ಒಮ್ಮೊಮ್ಮೆ ಮೊಳೆಯದ ಸೀಮೆ ಇದು, ಇನ್ನು ಪುಕ್ಕಟೆ ಬಂದದ್ದನ್ನು ನಂಬುವುದು ಹೇಗೆ? ಪುಕ್ಕಟೆ ಕಣ್ಣಿನ ತಪಾಸಣೆ ಎಂದರೆ ಹಿಂದೆಯೇ ಕನ್ನಡಕದ ಅಂಗಡಿಯವನು ನಿಂತಿರುತ್ತಾನೆ. ಪುಕ್ಕಟೆ ಸೀರೆ ಬಂತೆಂದರೆ ಚುನಾವಣೆ ದೂರವಿಲ್ಲ. ಹೀಗಿರುವಾಗ 2023ರ ಆರಂಭದಲ್ಲಿ ಶಾಲೆಯಲ್ಲಿ ಎರಡು ದಿನ ‘ಕಲಿಕಾ ಹಬ್ಬ’, ಮಕ್ಕಳ ಜೊತೆ ಹಿರಿಯರೂ ಬರಬೇಕು, ಟಿಕೆಟ್ಟಿಲ್ಲ, ಪಟ್ಟಿ ಎತ್ತುವುದಿಲ್ಲ ಎಂದು ಮಾಸ್ತರು ಹೇಳಿಹೋದಾಗ ನಮ್ಮೂರ ಕಟ್ಟೆಯ ಮೇಲೆ ಸಣ್ಣದೊಂದು ವಿಚಾರಣೆಯೇ ನಡೆಯಿತು.

“ಆಧಾರ್ ಕಾರ್ಡ್ ತರಬೇಕೇನ್ರಿ ಸರ?”

“ಬ್ಯಾಡ ಮುತ್ಯಾ.”

“ಹೆಬ್ಬಟ್ಟು ಒತ್ತಬೇಕೇನು?”

“ಅದೂ ಬ್ಯಾಡ.”

“ಹಂಗಾರ ಇದು ಸರಕಾರದ್ದಲ್ಲ ಬಿಡ್ರಿ.”

ಆದರೆ ಅದು ಸರಕಾರದ್ದೇ ಆಗಿತ್ತು. ಕೊರೊನಾ ಕಾಲದಲ್ಲಿ ಶಾಲೆಗಳು ಬಾಗಿಲು ಹಾಕಿ ಮಕ್ಕಳು ಕಲಿತದ್ದನ್ನೂ ಮರೆತು ಕೂತ ಮೇಲೆ ಶಿಕ್ಷಣ ಇಲಾಖೆ 2022-23ನ್ನು ‘ಕಲಿಕಾ ಚೇತರಿಕೆ’ಯ ವರ್ಷ ಎಂದು ಸಾರಿತ್ತು. ಆ ಚೇತರಿಕೆಯ ಕೂಸು ಈ ಹಬ್ಬ. ಹಾಗೆಂದು ಇದು ವಿಧಾನಸೌಧದ ಕೋಣೆಯಲ್ಲಿ ಹುಟ್ಟಿದ್ದಲ್ಲ. ಭಾರತ ಜ್ಞಾನ ವಿಜ್ಞಾನ ಸಮಿತಿಯವರು ಅದಕ್ಕೂ ಮೊದಲೇ ‘ಮಕ್ಕಳ ವಿಜ್ಞಾನ ಹಬ್ಬ’ ಎಂದು ಊರೂರಲ್ಲಿ ನಡೆಸುತ್ತಿದ್ದರು. ಸರಕಾರ ಅದನ್ನು ಎತ್ತಿಕೊಂಡು ರಾಜ್ಯದ ಕ್ಲಸ್ಟರ್ ಕ್ಲಸ್ಟರಿಗೂ ಹಂಚಿತು. ಈ ಸಮಿತಿ ಹುಟ್ಟಿದ್ದು 1989ರಲ್ಲಿ, ಸಾಕ್ಷರತೆಯ ಗಾಳಿ ಬೀಸುತ್ತಿದ್ದ ಕಾಲದಲ್ಲಿ. ಆಗ ಬೀದಿ ನಾಟಕ, ಹಾಡು ಹೊತ್ತ ಜಾಥಾಗಳು ದೇಶದ ತುಂಬ ತಿರುಗಿದ್ದವು. ವಿಜ್ಞಾನಕ್ಕೂ ನಾಟಕಕ್ಕೂ ಏನು ನಂಟು ಎಂದು ಕೇಳುವವರಿಗೆ ಇದೇ ಉತ್ತರ: ತಮಟೆ ಬಾರಿಸಿ ಕುಣಿದರೆ ನಾಲ್ಕು ಮಂದಿ ನಿಲ್ಲುತ್ತಾರೆ, ನಿಂತವರಿಗೆ ನೀರು ಕುದಿಸಿ ಕುಡಿಯಿರಿ ಎಂದು ಹೇಳಬಹುದು. ಭಾಷಣಕ್ಕೆ ಯಾರೂ ನಿಲ್ಲುವುದಿಲ್ಲ. ನಾನಂತೂ ನಿಂತವನಲ್ಲ.

ಹಬ್ಬದ ದಿನ ಎತ್ತಿನ ಬಂಡಿಗೆ ಬಾಳೆಕಂಬ ಕಟ್ಟಿ ಮೆರವಣಿಗೆ ಹೊರಟಿತು. ಮುಂದೆ ಡೊಳ್ಳು, ಹಿಂದೆ ಸುತ್ತಲಿನ ಊರುಗಳಿಂದ ಬಂದ ಮಕ್ಕಳು. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ನಮ್ಮ ಕಡೆಯ ಶಾಲೆಗಳ ಹಾಜರಿ ಪುಸ್ತಕ ನೋಡಬಾರದು. ಅಂಥ ದಿನಗಳಲ್ಲೂ ಅಂದು ಹುಡುಗರು ತುಂಬಿ ತುಳುಕುತ್ತಿದ್ದರು. ಕಾಣೆಯಾಗಿದ್ದವರೆಲ್ಲ ಎಲ್ಲಿಂದ ಬಂದರು ಎಂದು ಮಾಸ್ತರರೇ ಬೆರಗಾಗಿ ಎಣಿಸುತ್ತ ನಿಂತಿದ್ದರು.

ಶಾಲೆಯ ಅಂಗಳದಲ್ಲಿ ನಾಲ್ಕು ಮೂಲೆ ಮಾಡಿದ್ದರು. ಹಾಡು-ಆಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ. ರಾಜ್ಯದ ತುಂಬ ಇವೇ ಹೆಸರು. ಮೊದಲು ಜನ ಮುಗಿಬಿದ್ದದ್ದು ಕಾಗದದ ಮೂಲೆಗೆ. ಹಳೆಯ ದಿನಪತ್ರಿಕೆ ಮಡಚಿ ಟೊಪ್ಪಿಗೆ ಮಾಡುವುದು ಅಲ್ಲಿನ ಮೊದಲ ಪಾಠ. ಮಕ್ಕಳು ತಮಗಷ್ಟೇ ಮಾಡಿಕೊಂಡಿದ್ದರೆ ಸುಲಭವಿತ್ತು, ಆದರೆ ಕಂಪೌಂಡಿನ ಗೋಡೆಗೆ ಒರಗಿ ನಿಂತ ಮುತ್ಯಾಗಳ ರುಮಾಲಿನ ಮೇಲೂ ಒಂದೊಂದು ಏರಿಸಿಬಿಟ್ಟರು. ಒಬ್ಬರ ಹಣೆಯ ಮೇಲೆ ಹತ್ತಿಯ ಧಾರಣೆ, ಇನ್ನೊಬ್ಬರ ಹಣೆಯ ಮೇಲೆ ‘ವಧು ಬೇಕಾಗಿದ್ದಾಳೆ’. ಹತ್ತಿಯ ಧಾರಣೆ ಹೊತ್ತ ಮುತ್ಯಾನನ್ನು ಮಂದಿ ದಾರಿಯಲ್ಲಿ ತಡೆದು ಓದುತ್ತಿದ್ದರು. ಪತ್ರಿಕೆ ಹಳೆಯದು, ದರವೂ ಹಳೆಯದು ಎಂದು ಗೊತ್ತಾದಾಗ ಬೈಗುಳ ತಿಂದವನು ಮಾತ್ರ ಮುತ್ಯಾ.

ಇಂಥ ಟೊಪ್ಪಿಗೆ, ಕಡ್ಡಿಪೆಟ್ಟಿಗೆ, ಸೈಕಲ್ ವಾಲ್‌ಟ್ಯೂಬಿನ ವಿಜ್ಞಾನವನ್ನು ದೇಶಕ್ಕೆ ಹಂಚಿದವರಲ್ಲಿ ಅರವಿಂದ ಗುಪ್ತಾ ಒಬ್ಬರು. ಕಾನ್ಪುರದ ಐಐಟಿಯಲ್ಲಿ ಓದಿ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಈ ಮನುಷ್ಯ 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಕಡೆಗೆ ಹೋದರು. ಅಲ್ಲಿ 1972ರಿಂದಲೇ ಹಳ್ಳಿ ಮಕ್ಕಳಿಗೆ ಕೈಯಿಂದ ಮಾಡಿ ವಿಜ್ಞಾನ ಕಲಿಸುವ ಕೆಲಸ ನಡೆದಿತ್ತು. ಸಂತೆಯಲ್ಲಿ ಸಿಕ್ಕ ವಾಲ್‌ಟ್ಯೂಬಿಗೆ ಕಡ್ಡಿ ಚುಚ್ಚಿ ತ್ರಿಕೋನ, ಚೌಕ, ಗುಡಿ, ಗೋಪುರ ಎಲ್ಲ ಕಟ್ಟಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮಲ್ಲಿ ವಾಲ್‌ಟ್ಯೂಬು ಕತ್ತರಿಸಿದ ಹುಡುಗನಿಗೆ ಅಪ್ಪನ ಕೈಯಿಂದ ಬರುವ ಪ್ರಶಸ್ತಿಯೇ ಬೇರೆ.

ನಾಟಕಕ್ಕೆ ಬರೋಣ. ಸಗರನಾಡಿನವರಿಗೆ ನಾಟಕ ಹೊಸದಲ್ಲ. ಜಾತ್ರೆ ಬಂತೆಂದರೆ ಊರ ಹುಡುಗರು ಸಾಲ ಮಾಡಿಯಾದರೂ ಸೀನು ಕಟ್ಟಿಸಿ, ಹಾರ್ಮೋನಿಯಂ ಮಾಸ್ತರನನ್ನು ಕರೆಸಿ ಆಡುತ್ತಾರೆ. ಕರಪತ್ರದಲ್ಲಿ ರಾತ್ರಿ ಒಂಬತ್ತು ಎಂದಿರುತ್ತದೆ. ಗಣ್ಯರಿಗೆ ಶಾಲು ಹೊದಿಸಿ ಮುಗಿಯುವ ಹೊತ್ತಿಗೆ ಹನ್ನೊಂದಾಗುತ್ತದೆ, ಖಳನಾಯಕ ಸಾಯುವ ಹೊತ್ತಿಗೆ ಕೋಳಿ ಕೂಗುತ್ತದೆ. ಕಲಿಕಾ ಹಬ್ಬದ ನಾಟಕದಲ್ಲಿ ಶಾಲೂ ಇರಲಿಲ್ಲ, ಸೀನೂ ಇರಲಿಲ್ಲ. ಬೇವಿನ ಮರದ ಕೆಳಗೆ ಸುಣ್ಣದ ಗೆರೆ ಎಳೆದು ಸೌರವ್ಯೂಹ ಮಾಡಿದ್ದರು. ನಡುವೆ ಸೂರ್ಯ ಒಬ್ಬ ದಪ್ಪ ಹುಡುಗ. ಬೇಸಿಗೆಯಲ್ಲಿ ಬಿಸಿಲು 44, 45 ಡಿಗ್ರಿಗೆ ಏರುವ ಊರಿನಲ್ಲಿ ಸೂರ್ಯನ ಪಾತ್ರಕ್ಕೆ ತಾಲೀಮೇ ಬೇಡ. ಅವನು ಕೈಕಟ್ಟಿ ನಿಂತರೂ ಜನ ಬೆವರುತ್ತಾರೆ. ಕಷ್ಟವಿದ್ದದ್ದು ಭೂಮಿಗೆ. ಐದನೇ ತರಗತಿಯ ಸಣಕಲ ಹುಡುಗಿ ತನ್ನ ಸುತ್ತ ತಾನು ತಿರುಗಬೇಕು, ತಿರುಗುತ್ತಲೇ ಸೂರ್ಯನ ಸುತ್ತ ಸುತ್ತಬೇಕು, ಅದರ ಮೇಲೆ ಚಂದ್ರ ಎಂಬ ಪೋರ ಅವಳನ್ನು ಸುತ್ತಬೇಕು. ಸಂಕ್ರಾಂತಿ ದಾಟಿ ಯುಗಾದಿಯ ಸಮೀಪ ಬಂದಾಗ ಭೂಮಿಗೆ ತಲೆ ತಿರುಗಿತು. ಕುಸಿದು ಕುಂತಿತು.

“ಭೂಮಿ, ಏಳವ್ವ, ಇನ್ನ ಅರ್ಧಾ ವರ್ಷ ಅದ” ಎಂದರು ಮಾಸ್ತರು.

ಅಷ್ಟರಲ್ಲಿ ಭೂಮಿಯ ತಾಯಿ ಸೆರಗು ಸಿಕ್ಕಿಸಿಕೊಂಡು ಮಂಗಳ, ಗುರು ಎಲ್ಲರನ್ನೂ ದಾಟಿ ಒಳಗೆ ಬಂದಳು. ಕೈಯಲ್ಲಿ ನೀರಿನ ಚಂಬು. “ಮುಂಜಾನಿಂದ ಕೂಸು ಒಂದು ತುತ್ತು ಉಂಡಿಲ್ಲ. ಹಿಂಗ ಗರಗರ ತಿರುಗಿಸಿದ್ರ ಏನಾಗಬೇಕ್ರಿ ಸರ?”

“ಯವ್ವಾ, ಭೂಮಿ ನಿಂತ್ರ ಹೆಂಗ ನಡೀತದ?”

“ಆ ಸೂರ್ಯ ಸುಮ್ಮ ನಿಂತಾನಲ್ಲ, ಅವನೇ ತಿರುಗಲಿ. ಗಂಡುಮಗ, ಗಟ್ಟಿ ಅದಾನ.”

1543ರಲ್ಲಿ ಕೋಪರ್ನಿಕಸನ ಪುಸ್ತಕ ಅಚ್ಚಾಗಿ ಬಂದು 480 ವರ್ಷಗಳ ಮೇಲೆ, ಬೇವಿನ ಮರದ ಕೆಳಗೆ ಅವನ ಸಿದ್ಧಾಂತ ಇಷ್ಟು ಸಲೀಸಾಗಿ ಬಿದ್ದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಹೆಂಗಸರ ಕಡೆಯಿಂದ ಚಪ್ಪಾಳೆಯೂ ಬಂತು. ಆದರೆ ಮಾಸ್ತರು ಜಾಣರು. ಸಿಟ್ಟಾಗದೆ, “ಹಂಗಾರ ನೀವೇ ಒಂದು ಸುತ್ತು ತಿರುಗಿ ತೋರಸ್ರಿ” ಎಂದರು. ಆ ತಾಯಿ ನಾಚುತ್ತ, ನಗುತ್ತ ಉಳಿದ ಅರ್ಧ ವರ್ಷವನ್ನು ಪೂರೈಸಿದಳು. ಯಾವ ತಿಂಗಳಲ್ಲಿ ಹಗಲು ದೊಡ್ಡದು ಎಂದು ಕೇಳಿದರೆ ಥಟ್ಟನೆ ಹೇಳಿದಳು. ಕಳೆ ಕೀಳಲು ಹೋಗುವವಳಿಗೆ ಹಗಲಿನ ಉದ್ದ ಬೆನ್ನಿಗೇ ಗೊತ್ತಿರುತ್ತದೆ.

ಮಾಡು-ಆಡು ಮೂಲೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗೌಂಡಿಯೊಬ್ಬ. ಗುಳೆ ಹೋಗಿ ಬೆಂಗಳೂರು, ಪುಣೆಯಲ್ಲಿ ಮಂದಿಯ ಮನೆ ಕಟ್ಟುವವನು. ಜಾತ್ರೆಗೆಂದು ಊರಿಗೆ ಬಂದಿದ್ದ. ಮಗಳನ್ನು ಬಿಡಲು ಬಂದು ಗೇಟಿನ ಹೊರಗೆ ನಿಂತಿದ್ದ. ತಾನು ಕಲಿತದ್ದು ಮೂರನೇ ಇಯತ್ತೆ, ಒಳಗೆ ತನ್ನದೇನು ಕೆಲಸ ಎಂಬ ನಿಲುವು. ಒಳಗೆ ಮಾಸ್ತರು ಎರಡು ಬಾಟಲಿ, ಒಂದು ಕೊಳವೆ ಇಟ್ಟುಕೊಂಡು, ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ತೋರಿಸಲು ಹೆಣಗುತ್ತಿದ್ದರು. ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡು ನೀರು ಮಾಸ್ತರರ ಮಾತು ಕೇಳುತ್ತಿರಲಿಲ್ಲ. ಗೌಂಡಿಗೆ ತಡೆಯಲಾಗಲಿಲ್ಲ. ಮನೆಗೆ ಓಡಿ ತನ್ನ ಪಾರದರ್ಶಕ ಲೆವಲ್ ಪೈಪು ತಂದ. ನೀರು ತುಂಬಿ, ಬೆರಳಿನಿಂದ ಬಡಿದು ಬಡಿದು ಗುಳ್ಳೆ ಹೊರಡಿಸಿ, ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು ಶಾಲೆಯ ಆ ಗೋಡೆಗೆ ಕಳಿಸಿದ. ಇನ್ನೊಂದು ತುದಿ ಹಿಡಿದು ಈ ಗೋಡೆಗೆ ತಾನು ನಿಂತ. ನಡುವೆ ಅಂಗಳ ಏರುತಗ್ಗಾಗಿ ಮಲಗಿದೆ, ಪೈಪು ಹಾವಿನಂತೆ ಬಿದ್ದಿದೆ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟ. ಎರಡೂ ಕಡೆ ಸೀಸದಕಡ್ಡಿಯ ಗುರುತು ಬಿತ್ತು. ಗುರುತಿನಿಂದ ಕೆಳಕ್ಕೆ ಅಳೆದು ನೋಡಿದರೆ ಒಂದು ಗೋಡೆಯ ಬುಡ ಇನ್ನೊಂದಕ್ಕಿಂತ ನಾಲ್ಕು ಬೆರಳು ತಗ್ಗು. ಕಟ್ಟಡ ಕಟ್ಟಿದ ಗುತ್ತಿಗೆದಾರ ಅಲ್ಲಿ ಇರಲಿಲ್ಲ, ಇದ್ದಿದ್ದರೆ ವಿಜ್ಞಾನಕ್ಕೆ ತಕರಾರು ತೆಗೆಯುತ್ತಿದ್ದ. ಗೌಂಡಿ ಮಧ್ಯಾಹ್ನದವರೆಗೂ ಗೇಟಿನ ಹೊರಗೆ ಹೋಗಲಿಲ್ಲ.

ಊರು ತಿಳಿಯೋಣ ಎಂಬ ಮೂಲೆಯಲ್ಲಿ ಮೂಲೆಯೇ ಇರಲಿಲ್ಲ. ಮಕ್ಕಳು ಪಟ್ಟಿಪುಸ್ತಕ ಹಿಡಿದು ಊರೊಳಗೆ ಹೋಗಿ ಕುಂಬಾರರನ್ನು, ಬಡಿಗೇರರನ್ನು, ಕುರಿಗಾರರನ್ನು ಪ್ರಶ್ನೆ ಕೇಳಿ ಬರೆದುಕೊಂಡು ಬರಬೇಕು. ಹೀಗೆ ತಿಳಿಯಲು ನಮ್ಮ ಸೀಮೆಯಲ್ಲಿ ಇರುವ ಸರಕು ಕಡಿಮೆಯದಲ್ಲ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಿನಲ್ಲಿ ಬೃಹತ್ ಶಿಲಾಯುಗದ ಮಂದಿ ಗುಂಡುಗಳನ್ನು ಸಾಲುಸಾಲಾಗಿ ಜೋಡಿಸಿಟ್ಟಿದ್ದಾರೆ. ಸುರಪುರದಲ್ಲಿ 1841ರಿಂದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬ ದಫ್ತರದ ಕೆಲಸದ ನಡುವೆಯೂ ಈ ಕಡೆಯ ಇಂಥ ಕಲ್ಲುಗಳನ್ನು ನೋಡಿ ಬರೆದಿಟ್ಟ. ಆ ಸಾಲುಗಳು ಸೂರ್ಯನ ಉತ್ತರಾಯಣ, ದಕ್ಷಿಣಾಯನದ ದಿಕ್ಕು ತೋರಿಸುತ್ತವೆ ಎಂದು ಖಗೋಳ ಬಲ್ಲ ಕೆಲವರು ಹೇಳುತ್ತಾರೆ. ಹುಣಸಗಿ ಸೀಮೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದಾಗ ಸಿಕ್ಕಿದ್ದು ಆದಿಮಾನವರು ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗ. ಅಲ್ಲಿ ದೊರೆತ ದನದ ಜಾತಿಯ ಪ್ರಾಣಿಯ ಹಲ್ಲುಗಳಿಂದ ಲೆಕ್ಕ ಹಾಕಿದ ಕಾಲ ಸುಮಾರು 12 ಲಕ್ಷ ವರ್ಷ. ಮಾಡು-ಆಡು ಮೂಲೆ ನಮ್ಮಲ್ಲಿ ಅಷ್ಟು ಹಿಂದೆಯೇ ತೆರೆದಿತ್ತು ಎನ್ನಬಹುದು. ಇನ್ನು ಬೂದಿಹಾಳದ ಬೂದಿದಿಬ್ಬದ ಕಥೆ. ದಕ್ಷಿಣದ ಇಂಥ ದಿಬ್ಬಗಳನ್ನು ಕಂಡು ಪಂಡಿತರು ಜ್ವಾಲಾಮುಖಿ ಎಂದರು, ಹೆಣ ಸುಟ್ಟ ಜಾಗ ಎಂದರು. ಕೊನೆಗೆ ತೀರ್ಮಾನವಾದದ್ದು: ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿ. ಕುಳ್ಳು ತಟ್ಟುವ ಯಾವ ಮುದುಕಿಯನ್ನು ಕೇಳಿದ್ದರೂ ಮೊದಲ ದಿನವೇ ಹೇಳುತ್ತಿದ್ದಳು. ಪಂಡಿತರು ಕೇಳಲಿಲ್ಲ, ಪಟ್ಟಿಪುಸ್ತಕ ಹಿಡಿದ ಹುಡುಗರು ಕೇಳುತ್ತಾರೆ.

ಆ ಹಬ್ಬದಲ್ಲಿ ಮೊದಲನೇ ಬಹುಮಾನ ಇರಲಿಲ್ಲ. ಗೌಂಡಿ ಒಳಗೆ ಬರಲು ಅದೇ ಕಾರಣ ಎಂದು ನನ್ನ ಅನುಮಾನ. ಸೋಲುವ ಹೆದರಿಕೆ ಇದ್ದಲ್ಲಿ ನಮ್ಮ ಮಂದಿ ಗೇಟಿನಾಚೆಯೇ ಉಳಿಯುತ್ತಾರೆ. ಸೋತದ್ದನ್ನು ಪತ್ರಿಕೆಯಲ್ಲಿ ಓದಿ ರೂಢಿಯಾಗಿದೆ: ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2023ರಲ್ಲೂ 2024ರಲ್ಲೂ ಯಾದಗಿರಿ ಜಿಲ್ಲೆಯದೇ ಕೊನೆಯ ಸ್ಥಾನ. ಕಲಿಕಾ ಹಬ್ಬಕ್ಕೂ ಮುಂದಿನ ವರ್ಷಗಳಲ್ಲಿ ಸ್ಪರ್ಧೆಯ ರೂಪ ಬಂತು. ಗಟ್ಟಿ ಓದು, ಕೈಬರಹ, ರಸಪ್ರಶ್ನೆ, ಪ್ರಥಮ, ದ್ವಿತೀಯ. ಪೋಷಕರು ಮಕ್ಕಳ ಜೊತೆ ಕೂತು ಆಡುವುದಕ್ಕೂ ಒಂದು ವಲಯ ಉಳಿಸಿದ್ದಾರೆ ಎಂಬುದೇ ಸಮಾಧಾನ. ನನಗೆ ಮಾತ್ರ ಆ ಮೊದಲಿನ, ಅಂಕವಿಲ್ಲದ ಗದ್ದಲವೇ ಇಷ್ಟ.

ಎರಡನೇ ದಿನ ಸಂಜೆ ಮುಖ್ಯ ಗುರುಗಳು ಊರವರ ಅಭಿಪ್ರಾಯ ಕೇಳಿದರು. ಗಂಡಸರು ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಬಿಸಿಯೂಟದ ಅಡುಗೆಯಾಕೆ ಎದ್ದು ನಿಂತಳು. 2002ರಲ್ಲಿ ನಮ್ಮ ಈ ಈಶಾನ್ಯದ ಏಳು ಜಿಲ್ಲೆಗಳಲ್ಲಿಯೇ ಮೊದಲು ಶುರುವಾದ ಅಕ್ಷರ ದಾಸೋಹದ ಸೌಟು ಹಿಡಿದವಳು, ಸಭಾಕಂಪ ಅವಳಿಗೆಲ್ಲಿಂದ ಬರಬೇಕು?

“ಹಬ್ಬ ಅಂದ್ರಿ, ಹೋಳಿಗಿ ಎಲ್ಲ್ಯದ ಸರ? ಉಪ್ಪಿಟ್ಟಿನ ಹಬ್ಬ ನಾ ಎಲ್ಲೂ ಕೇಳಿಲ್ಲ.”

ಅನುದಾನದಲ್ಲಿ ಹೋಳಿಗೆಗೆ ಅವಕಾಶವಿಲ್ಲ ಎಂದು ಗುರುಗಳು ಸುತ್ತೋಲೆ ತೆಗೆದರು. ಸುತ್ತೋಲೆಯನ್ನು ಯಾರೂ ಓದಲಿಲ್ಲ. ಬೆಲ್ಲ ನಂದು ಎಂದ ಒಬ್ಬ, ತೊಗರಿ ಬೇಳೆ ನಮ್ಮನೆಯದು ಎಂದಳು ಭೂಮಿಯ ತಾಯಿ. ಪಟ್ಟಿ ಎತ್ತುವುದಿಲ್ಲ ಎಂದಿದ್ದ ಮಾಸ್ತರರೇ ಪೆನ್ನು ತೆಗೆದು ಪಟ್ಟಿ ಬರೆಯುತ್ತ ಕೂತರು. ಕಟ್ಟೆಯ ಮೇಲೆ ಹೆಬ್ಬಟ್ಟಿನ ವಿಚಾರಣೆ ನಡೆಸಿದ್ದ ಮುತ್ಯಾ ಮಾತ್ರ ಬರೆಸಿದ್ದನ್ನು ಒಮ್ಮೆ ಓದಿಸಿ ಕೇಳಿ, ತನ್ನ ಹೆಸರಿನ ಮುಂದೆ ತುಪ್ಪ ಎರಡು ಸೇರು ಎಂದಿದ್ದನ್ನು ಒಂದಕ್ಕೆ ಇಳಿಸಿದ.