ಮಿತವ್ಯಯ ದ್ವೀಪ-ಮಧುಚಂದ್ರ ಮೀಮಾಂಸೆ

ಯಾವುದೇ ಶಾಸ್ತ್ರದಲ್ಲಿ ಒಂದು ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಪ್ರಸ್ತುತ ಗ್ರಂಥದಲ್ಲಿ ವಿಷಯ ಹೆಂಡತಿಯದು, ಸಂಶಯ ಗಂಡನದು, ಪೂರ್ವಪಕ್ಷ ಅತ್ತೆಯದು. ಸಿದ್ಧಾಂತವಷ್ಟೇ ನಮ್ಮದು. ಸಂಗತಿ ಕೂಡಿಬಂದರೆ ಬಂತು.

ವಿಷಯ ಹೀಗಿದೆ. ಸಾಗರ ಸೀಮೆಯ ಹೊಸ ಮದುಮಗಳು ಫೋನಿನಲ್ಲಿ ಮಾಲ್ಡೀವ್ಸಿನ ಚಿತ್ರ ತೋರಿಸುತ್ತಾಳೆ. ನೀಲಿ ನೀರು, ನೀರಿನೊಳಗೆ ಕಂಬ ನೆಟ್ಟು ಕಟ್ಟಿದ ಮನೆ, ಮೆಟ್ಟಿಲಿಳಿದರೆ ಮೀನು. ಸುಮ್ಮನೆ ಬಿದ್ದುಕೊಂಡಿರುವ ಮಧುಚಂದ್ರ ಆಕೆಗೆ ಬೇಡ. ಈಜಬೇಕು, ಹುಟ್ಟು ಹಾಕಬೇಕು, ಗುಡ್ಡ ಹತ್ತಬೇಕು. ಮಾಲ್ಡೀವ್ಸಿನಲ್ಲಿ ಗುಡ್ಡವೇ ಇಲ್ಲ, ಆ ದೇಶದ ಅತಿ ಎತ್ತರದ ನೆಲವೂ ನಮ್ಮ ತೋಟದ ಒಂದು ಅಡಿಕೆ ಮರದಷ್ಟು ಎತ್ತರವಿಲ್ಲ ಎಂಬುದನ್ನು ಗಂಡ ಹೇಳುವುದಿಲ್ಲ. ಅವನು ಆಗಲೇ ಲೆಕ್ಕಕ್ಕೆ ಇಳಿದಿರುತ್ತಾನೆ. ಈ ಸೀಮೆಯ ಗಂಡ ಲೆಕ್ಕ ಹಾಕುವುದು ರೂಪಾಯಿಯಲ್ಲಲ್ಲ, ಅಡಿಕೆಯ ಕ್ವಿಂಟಾಲಿನಲ್ಲಿ. ವಿಮಾನಕ್ಕೆ ಸರಕು ಹೋಯಿತು, ಕಂಬದ ಮನೆಗೆ ಬೆಟ್ಟೆ ಹೋಯಿತು, ಊಟಕ್ಕೆ ರಾಶಿ ಇಡಿಯೂ ಹೋಯಿತು. ಉಳಿದದ್ದು ಗೊರಬಲು. ಗೊರಬಲಿನ ದುಡ್ಡಿನಲ್ಲಿ ಹೋಗಬಹುದಾದ ದ್ವೀಪ ಯಾವುದು ಎಂಬುದೇ ಸಂಶಯ.

ದ್ವೀಪಾಧಿಕರಣ

ಮೊದಲು ಉಷ್ಣವಲಯದ ತಕರಾರು ಮುಗಿಸೋಣ. ಭೂಮಧ್ಯರೇಖೆಯ ಎರಡೂ ಕಡೆ ಇಪ್ಪತ್ತಮೂರೂವರೆ ಡಿಗ್ರಿಯೊಳಗಿನ ನೆಲವೆಲ್ಲ ಉಷ್ಣವಲಯ. ಸಾಗರ ಇರುವುದು 14 ಡಿಗ್ರಿ ಉತ್ತರದಲ್ಲಿ, ಹೆಚ್ಚುಕಡಿಮೆ ಬ್ಯಾಂಕಾಕ್ ಮತ್ತು ಮನಿಲಾಗಳ ಪಂಕ್ತಿಯಲ್ಲಿ. ಜುಲೈಯಲ್ಲಿ ಎರಡು ಕಂಬಳಿ ಹೊದ್ದು ಹೊಡಸಲಿನ ಮುಂದೆ ಕೂರುವವರಿಗೆ ತಾವು ಉಷ್ಣವಲಯದವರೆಂದು ಯಾರೂ ತಿಳಿಸಿರಲಿಕ್ಕಿಲ್ಲ. ಭೂಗೋಳ ಅವರ ಅನುಮತಿ ಕೇಳುವುದಿಲ್ಲ.

ಇನ್ನು ದ್ವೀಪ. ಉಳಿದ ದ್ವೀಪಗಳನ್ನು ಜ್ವಾಲಾಮುಖಿಯೋ ಹವಳವೋ ಹಡೆದರೆ ನಮ್ಮದನ್ನು ಹಡೆದದ್ದು ಸರ್ಕಾರ, 1964ರಲ್ಲಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ ಹಾಯ್ದು ಬರುವ ಶರಾವತಿಗೆ ಸಾಗರ ತಾಲೂಕಿನ ಲಿಂಗನಮಕ್ಕಿಯಲ್ಲಿ ಅಡ್ಡಗಟ್ಟಿದಾಗ ಕರೂರು, ಬಾರಂಗಿ ಹೋಬಳಿಗಳು ನೀರಿನಾಚೆ ಉಳಿದವು. ತೀರ್ಥಹಳ್ಳಿಯವರು ನದಿ ಕೊಟ್ಟರು, ಹೊಸನಗರ-ಸಾಗರದವರು ಊರು ಕೊಟ್ಟರು, ಬೆಂಗಳೂರಿನವರು ಸ್ವಿಚ್ಚು ಹಾಕಿದರು. ಮೂರು ತಾಲೂಕು ಸೇರಿ ಮಾಡಿದ ಕೆಲಸ ಇತಿಹಾಸದಲ್ಲಿ ಇದೊಂದೇ ಇರಬೇಕು.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಹೀಗೆ ನೀರಿನಾಚೆ ಉಳಿದ ತುಮರಿ ದ್ವೀಪವೇ ಅಲ್ಲ; ಮೂರು ಕಡೆ ನೀರು, ನಾಲ್ಕನೆಯ ಕಡೆ ಘಟ್ಟದ ಕಾಡು; ಆ ಕಡೆಯಿಂದ ನಾಗೋಡಿ ಮೇಲೆ ಕೊಲ್ಲೂರಿಗೆ ದಾರಿಯಿದೆ; ಆದ್ದರಿಂದ ಅದು ಪರ್ಯಾಯ ದ್ವೀಪ; ಪರ್ಯಾಯ ದ್ವೀಪಕ್ಕೆ ಹೋದದ್ದು ಪರ್ಯಾಯ ಮಧುಚಂದ್ರವೇ ಆದೀತು ಎಂದು ವಾದ. ಸಮಾಧಾನ: ಅಂಬಾರಗೋಡ್ಲಿನ ಕಡವಿನಲ್ಲಿ ಲಾಂಚ್ ಹಿಡಿದವನಿಗೆ ಅದು ಪರ್ಯಾಯ ದ್ವೀಪ, ತಪ್ಪಿಸಿಕೊಂಡವನಿಗೆ ದ್ವೀಪ. ದಶಕಗಟ್ಟಲೆ ಲಾಂಚ್ ತಪ್ಪಿಸಿಕೊಂಡವರ ಮಾತೇ ಪ್ರಮಾಣ.

ನೀರಿನ ಮಟ್ಟದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಚೆನ್ನಾಗಿ ಹಿಡಿದು ಜಲಾಶಯ ತುಂಬಿದಾಗ ಹಿನ್ನೀರಿನಲ್ಲಿ ಎಲ್ಲಿ ನೋಡಿದರೂ ನಡುಗಡ್ಡೆ. ಬೇಸಿಗೆ ಬಂದು ನಾಡಿನ ಫ್ಯಾನು, ಪಂಪುಗಳೆಲ್ಲ ತಿರುಗತೊಡಗಿದರೆ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ನೀರು ಕುಡಿಯುತ್ತದೆ, ದಡ ಇಳಿಯುತ್ತದೆ, ಕೆಂಪು ರಾಡಿ ಏಳುತ್ತದೆ, ನಡುಗಡ್ಡೆಗಳು ಒಂದೊಂದಾಗಿ ಗುಡ್ಡಗಳಾಗಿ ನಿವೃತ್ತಿ ಪಡೆಯುತ್ತವೆ. ಮುಳುಗಿದ್ದ ಹಳೆಯ ಮಡೆನೂರು ಅಣೆಕಟ್ಟೂ ತಲೆ ಎತ್ತಿ ಕೂರುತ್ತದೆ. ಅಂದರೆ ಶಿವಮೊಗ್ಗ ಜಿಲ್ಲೆಯಲ್ಲಿ ಎಷ್ಟು ದ್ವೀಪಗಳಿವೆ ಎಂಬುದು ಬೆಂಗಳೂರಿನಲ್ಲಿ ಎಷ್ಟು ಸೆಕೆಯಿದೆ ಎಂಬುದರ ಮೇಲೆ ನಿಂತಿದೆ.

ಇದರಿಂದ ಕಾಲನಿರ್ಣಯ ಕಗ್ಗಂಟಾಗುತ್ತದೆ. ಮದುವೆಗಳು ಹೆಚ್ಚಾಗಿ ನಡೆಯುವುದು ಏಪ್ರಿಲ್-ಮೇ ತಿಂಗಳಲ್ಲಿ; ಆಗ ಮುಹೂರ್ತವುಂಟು, ದ್ವೀಪವಿಲ್ಲ. ಆಷಾಢದಲ್ಲಿ ನೀರು ಬರುತ್ತದೆ, ಆದರೆ ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದು. ಶ್ರಾವಣದಲ್ಲಿ ಕೊಳೆರೋಗ, ಬೋರ್ಡೋ ಹೊಡೆಯಲು ಕೊನೆಗೌಡ ಇವತ್ತು ಬರುತ್ತೇನೆಂದು ಹೇಳಿದ್ದಾನೆ, ಇವತ್ತೆಂದರೆ ಯಾವತ್ತು ಎಂದು ಗೊತ್ತಿಲ್ಲ, ಮನೆ ಬಿಡುವಂತಿಲ್ಲ. ತುಳಸಿ ಪೂಜೆ ಮುಗಿದ ಮೇಲೆ ಮುಹೂರ್ತಗಳೂ ತೆರೆಯುತ್ತವೆ, ಜಲಾಶಯವೂ ತುಂಬಿರುತ್ತದೆ. ಆದರೆ ಕೊನೆಕೊಯ್ಲು ಶುರು. ಅಂಗಳದಲ್ಲಿ ಅಡಿಕೆ ಬೇಯುತ್ತಿರುವಾಗ ಮನೆಯ ಮಾಣಿ ಹೆಂಡತಿಯೊಡನೆ ದೋಣಿಯಲ್ಲಿ ಕುಳಿತ ಎಂಬ ಸುದ್ದಿ ಮೂರು ತಲೆಮಾರು ನಿಲ್ಲುತ್ತದೆ. ಅದು ಮುಗಿಯುವ ಮೊದಲೇ ಧನುರ್ಮಾಸ. ವೈಶಾಖದಲ್ಲಿ ಮದುವೆಯಾಗಿ ನವರಾತ್ರಿ ಕಳೆದ ಮೇಲೆ ಮಧುಚಂದ್ರ ಮಾಡಬಹುದೆಂದು ನಾವೇ ಒಮ್ಮೆ ಸೂಚಿಸಿದ್ದೆವು. ಅಷ್ಟು ಹೊತ್ತಿಗೆ ಕೆಲವು ಮನೆಗಳಲ್ಲಿ ಬಯಕೆ ಊಟದ ಮಾತು ಎದ್ದಿರುತ್ತದೆ. ಹುಟ್ಟು ಹಾಕುವುದನ್ನೂ ಗುಡ್ಡ ಹತ್ತುವುದನ್ನೂ ಡಾಕ್ಟರು ರದ್ದುಮಾಡುತ್ತಾರೆ.

ಪೂರ್ವಸೂರಿಗಳು

ಸಕ್ರಿಯ ಮಧುಚಂದ್ರದ ಅತ್ಯಂತ ಹಳೆಯ ದಾಖಲೆ ತೀರ್ಥಹಳ್ಳಿ ತಾಲೂಕಿನದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರ ನಾಯಿಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಕಾಡು ಗುಡ್ಡ ಅಲೆದ ವೆಚ್ಚ ಸೊನ್ನೆ. ಚಟುವಟಿಕೆಗೂ ಕೊರತೆಯಿರಲಿಲ್ಲ. ಆದರೆ ತುಂಗೆ ದಾಟುವಲ್ಲಿ ಅವನು ತನ್ನ ನಾಯಿ ಹುಲಿಯನನ್ನು ಕಳೆದುಕೊಂಡ, ಆದ್ದರಿಂದ ಆ ಮಾರ್ಗವನ್ನು ಯಾರಿಗೂ ಶಿಫಾರಸು ಮಾಡಲಾರೆವು.

ಎರಡನೆಯ ಆಕರ ಸಾಗರದ್ದು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜರ ‘ದ್ವೀಪ’. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು, ನಾಗಿಯ ಪಾತ್ರ ಸೌಂದರ್ಯ ಅವರದು. ನೀರು ಏರುತ್ತಿರುವ ಗುಡ್ಡದ ಮೇಲೆ ಒಂದು ಜೋಡಿ, ಸುತ್ತ ಜನವಿಲ್ಲ, ಬಾಡಿಗೆಯಿಲ್ಲ. ಲಕ್ಷಣಗಳನ್ನಷ್ಟೇ ನೋಡಿದರೆ ಮಾಲ್ಡೀವ್ಸಿನವರು ಕರಪತ್ರದಲ್ಲಿ ಅಚ್ಚು ಹಾಕುವುದು ಇದನ್ನೇ. ನಾಗಿ ಅದಕ್ಕೆ ದುಡ್ಡು ಕೊಟ್ಟಿರಲಿಲ್ಲ, ಹಾಗಾಗಿ ಅವಳಿಗೆ ಅದು ವಿಹಾರವೆಂದು ತಿಳಿಯಲಿಲ್ಲ.

ಚಟುವಟಿಕಾಧಿಕರಣ

ಚಟುವಟಿಕೆ ಎಂದರೇನು ಎಂಬಲ್ಲಿ ಮೂರು ಸಂಪ್ರದಾಯಗಳಿವೆ.

ಸಾಗರ ಸಂಪ್ರದಾಯದವರು ಜಲವಾದಿಗಳು. ತಾಳಗುಪ್ಪದ ಆಚೆ ಹೊನ್ನೆಮರಡು ಅವರ ಕ್ಷೇತ್ರ. ಲೈಫ್ ಜಾಕೆಟ್ ತೊಟ್ಟು, ಕಯಾಕ್ ನಡೆಸಿ, ಹಿನ್ನೀರಿನ ನಡುಗಡ್ಡೆಯಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಪದ್ಧತಿ ಅಲ್ಲಿ ದಶಕಗಳಿಂದ ಇದೆ. ಕೆಲವರು ಹರಿಗೋಲೇ ಶ್ರೇಷ್ಠವೆನ್ನುತ್ತಾರೆ, ಮತ್ತು ಅವರ ಪಕ್ಷವೇ ಪ್ರಬಲ. ಹರಿಗೋಲು ದುಂಡಗಿನ ವಸ್ತು. ಅದಕ್ಕೆ ಮುಂದು ಹಿಂದು ಇಲ್ಲ. ಒಬ್ಬರೇ ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಮುಂದೆ ಹೋಗದೆ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಗಂಡ ಬಲ ತೋರಿಸಿದಷ್ಟೂ ತಿರುಗುವ ವೇಗ ಹೆಚ್ಚು. ಜಾತಕದಲ್ಲಿ ಮೂವತ್ತಾರು ಗುಣ ಕೂಡಿಸಿ ನೋಡುವ ಜೋಯಿಸರು ನಿಶ್ಚಿತಾರ್ಥಕ್ಕೆ ಮೊದಲು ಕಾಲು ಗಂಟೆ ಹರಿಗೋಲಿನಲ್ಲಿ ಕೂರಿಸಿದರೆ ಪಂಚಾಂಗದ ಖರ್ಚು ಉಳಿಯುತ್ತದೆ ಎಂದು ಜಲವಾದಿಗಳ ಸಲಹೆ. ಒಂದೇ ಎಚ್ಚರಿಕೆ: ನೀರಿನಡಿ 1964ರ ಕಾಡಿನ ಬೊಡ್ಡೆಗಳು ಇನ್ನೂ ನಿಂತಿವೆ. ಗೊತ್ತಿದ್ದವರು ಹೇಳದ ಜಾಗದಲ್ಲಿ ಈಜಿಗೆ ಇಳಿಯತಕ್ಕದ್ದಲ್ಲ.

ಹೊಸನಗರ ಸಂಪ್ರದಾಯ ಶೈಲವಾದ. ಕೊಡಚಾದ್ರಿ, 1343 ಮೀಟರ್. ಹಿಡ್ಲುಮನೆ ಅಬ್ಬಿಯ ಪಕ್ಕದಲ್ಲಿ ನಡೆದು ಹತ್ತುವವರು ಉತ್ತಮರು, ಜೀಪಿನಲ್ಲಿ ಹೋಗುವವರು ಮಧ್ಯಮರು. ಆದರೆ ಆ ಜೀಪಿನ ದಾರಿ ಬಲ್ಲವರು ಎರಡರಲ್ಲೂ ದೇಹಶ್ರಮ ಸಮವೆಂದೇ ಒಪ್ಪುತ್ತಾರೆ. ಮೇಲೆ ಹೋಗಿ ನೋಡಿದರೆ ಕೆಳಗೆ ಹಿನ್ನೀರೇ. ಮಾಣಿ, ಚಕ್ರಾ, ಸಾವೇಹಕ್ಲು ಎಂದು ಇನ್ನೂ ಮೂರು ಅಣೆಕಟ್ಟು ಹೊತ್ತ ತಾಲೂಕಿನವರಿಗೆ ದ್ವೀಪ ತೋರಿಸಿ ಬೆರಗು ಹುಟ್ಟಿಸುವುದು ಸುಲಭವಲ್ಲ.

ತೀರ್ಥಹಳ್ಳಿಯವರದು ವರ್ಷವಾದ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಆ ಮಳೆಯಲ್ಲಿ ನಾಲ್ಕು ಕಡೆಯೂ ನೀರಿರುವುದರಿಂದ ನಿಂತ ಮನುಷ್ಯನೇ ದ್ವೀಪವೆಂದು ಅವರ ವ್ಯಾಖ್ಯಾನ. ಚಟುವಟಿಕೆ ಎಂದರೆ ಇಂಬಳ ಕೀಳುವುದು. ಮಾಲ್ಡೀವ್ಸಿನಲ್ಲಿ ಇದಕ್ಕೆ ಸಮನಾದ ಸ್ಪರ್ಶವಿಲ್ಲ. ಔಷಧ ಸುಣ್ಣ, ಅದು ಎಲೆ-ಅಡಿಕೆ ಚೀಲದಲ್ಲೇ ಇರುತ್ತದೆ, ಪ್ರತ್ಯೇಕ ವೆಚ್ಚವಿಲ್ಲ. ಸೂರ್ಯಾಸ್ತದ ಕಟ್ಟೆಗೆ ಹೋಗಬಹುದು, ಮೋಡದ ಹಿಂದೆ ಅಸ್ತವಾಗಿದೆ ಎಂದು ಗಡಿಯಾರ ನೋಡಿ ನಂಬತಕ್ಕದ್ದು. ಇಷ್ಟಾದರೂ ನಿಜವಾದ ದ್ವೀಪ ಬೇಕೆಂದು ಹಟ ಹಿಡಿದವರಿಗೆ ತೀರ್ಥಹಳ್ಳಿಯವರು ಶಿವಮೊಗ್ಗ ರಸ್ತೆಯ ಮಂಡಗದ್ದೆ ತೋರಿಸುತ್ತಾರೆ. ತುಂಗೆಯ ನಡುವೆ ಎಕರೆ ಚಿಲ್ಲರೆಯ ಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಜೋಡಿಜೋಡಿಯಾಗಿ ಬಂದು ಗೂಡು ಕಟ್ಟುತ್ತವೆ. ಕೊಠಡಿ ಪೂರ್ತಿ ಭರ್ತಿ. ಮನುಷ್ಯರು ದಡದಿಂದ ನೋಡಬಹುದು.

ಹೆಗ್ಗೋಡಿನವರ ಮತವೊಂದಿದೆ: ನೀನಾಸಮ್ ನಾಟಕಕ್ಕೆ ಕರೆದೊಯ್ದರೆ ಸಾಕು. ಅಲ್ಲಿ ಚಟುವಟಿಕೆ ನಟರದು, ದಂಪತಿಗಳದಲ್ಲ. ಅಗ್ರಾಹ್ಯ.

ಆಯವ್ಯಯ

ಮಿತವ್ಯಯ ಶಾಸ್ತ್ರದಲ್ಲಿ 2023ರ ಜೂನ್ 11 ಯುಗಾದಿ. ಅಂದಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಮಧುಚಂದ್ರದ ಪ್ರಯಾಣವೆಚ್ಚ ಒಂದೇ ಏಟಿಗೆ ಅರ್ಧವಾಯಿತು. ಮಾಲ್ಡೀವ್ಸಿನ ಕರಪತ್ರದಲ್ಲಿ ಈ ರಿಯಾಯಿತಿ ಕಂಡಂತಿಲ್ಲ. ಮಲೆನಾಡಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು, ಅಲ್ಲಿ ಶೂನ್ಯ ನಡೆಯುವುದಿಲ್ಲ. ಆದ್ದರಿಂದ ಎದುರಿಗೆ ಬಂದ ಖಾಲಿ ಖಾಸಗಿ ಬಸ್ಸನ್ನು ಬಿಟ್ಟು ಹಿಂದಿನ ಕೆಂಪು ಬಸ್ಸಿಗೆ ಕಾಯುವ ತಾಳ್ಮೆಯೇ ಗೃಹಸ್ಥಾಶ್ರಮದ ಪ್ರಥಮ ಸಾಧನೆ.

ಊಟದ ಬಾಬ್ತು ಇನ್ನೂ ಸರಳ. ದಾರಿಯುದ್ದಕ್ಕೂ ನೆಂಟರಿದ್ದಾರೆ. ಹೊಸ ಮದುಮಕ್ಕಳು ಬಂದರೆಂದರೆ ತೊಡೆದೇವು, ಕೊಟ್ಟೆಕಡುಬು, ಅಪ್ಪೆಮಿಡಿ, ಕೊನೆಗೆ ಒಂದು ತಂಬುಳಿ. ಆದರೆ ಪ್ರತಿ ಮನೆಯಲ್ಲೂ ಊಟವಾದ ಮೇಲೆ ‘ಒಂಚೂರು ಅಡ್ಡಾಗಿ’ ಎನ್ನುತ್ತಾರೆ. ಸಕ್ರಿಯ ಮಧುಚಂದ್ರಕ್ಕೆ ಇಂಬಳಕ್ಕಿಂತ ದೊಡ್ಡ ವಿಘ್ನ ಅದು.

ಕಾವಲಿನ ಖರ್ಚೂ ಇಲ್ಲ. ಕಳವು ತಡೆಯುವುದರಲ್ಲಿ ಇದೇ ನೀರಿನಾಚೆಯ ಸಿಗಂದೂರು ಚೌಡೇಶ್ವರಿಯ ಹೆಸರು ದೊಡ್ಡದು. ‘ದೇವಿಯ ಕಾವಲಿದೆ’ ಎಂಬ ಬೋರ್ಡು ತೂಗಿದ ತೋಟದಲ್ಲಿ ಬಿದ್ದ ಅಡಿಕೆಯನ್ನೂ ಯಾರೂ ಮುಟ್ಟುವುದಿಲ್ಲ. ಸೂಟ್‌ಕೇಸಿಗೂ ಅದೇ ಬೋರ್ಡು ಸಾಕು.

ಆದರೆ ಶಕ್ತಿ ಯೋಜನೆಯಲ್ಲಿ ಒಂದು ಅತಿವ್ಯಾಪ್ತಿ ದೋಷವಿದೆ. ಶೂನ್ಯ ಟಿಕೆಟ್ ಮದುಮಗಳಿಗೆ ಮಾತ್ರವೆಂದು ಆದೇಶದಲ್ಲಿ ಹೇಳಿಲ್ಲ. ಸಿಗಂದೂರಿಗೆ ಹೊರಟಿದ್ದಾರೆಂದು ತಿಳಿದೊಡನೆ ಅತ್ತೆಗೆ ಹರಕೆ ನೆನಪಾಗುತ್ತದೆ. ಚಿಕ್ಕತ್ತೆ ಅಲ್ಲಿಂದ ಕೊಲ್ಲೂರು ಹತ್ತಿರವೇ ಎನ್ನುತ್ತಾಳೆ. ನಾದಿನಿಗೆ ಹೇಗೂ ರಜ. ಒಬ್ಬನ ಟಿಕೆಟ್ಟಿನಲ್ಲಿ ಐವರ ಮಧುಚಂದ್ರ. ತಲಾವಾರು ವೆಚ್ಚ ತೆಗೆದರೆ ಇದಕ್ಕಿಂತ ಅಗ್ಗ ಸಾಧ್ಯವೇ ಇಲ್ಲ.

ಸೇತುಬಾಧಾಧಿಕರಣ

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. 400 ಕೋಟಿಗೂ ಮೀರಿದ ವೆಚ್ಚ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ಕೇಬಲ್ ಆಧಾರ. ದ್ವೀಪವನ್ನು ಬರೆದ ಡಿಸೋಜರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಸೇತುವೆಯಿಂದ ದ್ವೀಪತ್ವಕ್ಕೆ ಹಾನಿಯಾಯಿತು, ಲಾಂಚಿನ ಮೇಲೆ ನಿಂತು ಗಾಳಿ ಕುಡಿಯುವ ಸುಖ ಹೋಯಿತು ಎಂದು ಬೆಂಗಳೂರಿನಿಂದ ಬರುವ ರಸಿಕರು ಹಲುಬುತ್ತಾರೆ. ಈ ಆಕ್ಷೇಪಕ್ಕೆ ಉತ್ತರಿಸುವ ಹಕ್ಕು ನಮಗಿಲ್ಲ. ತುಮರಿ, ಬ್ಯಾಕೋಡು, ಕುದರೂರಿನವರಿಗಿದೆ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಅವರಿಗೆ ಆ ನೀರು ನೀಲಿಯಾಗಿ ಕಾಣುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮಕ್ಕಳು, ಆಸ್ಪತ್ರೆಯಿಂದ ಮರಳುವ ಮುದುಕರು ಸಂಜೆಯ ಕೊನೆಯ ಲಾಂಚಿಗಾಗಿ ಓಡಿದ್ದಾರೆ. ನಾಡಿಗೆ ಕರೆಂಟು ಕೊಟ್ಟವರಲ್ಲಿ ಎಷ್ಟೋ ಮನೆಯವರು ಬದಲಿ ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಒಂದು ರಾತ್ರಿಗೆ ಲಕ್ಷ ಕೊಟ್ಟು ಕೊಳ್ಳುವ ಏಕಾಂತ ಅವರಿಗೆ ಅರವತ್ತು ವರ್ಷ ಪುಕ್ಕಟೆ ಸಿಕ್ಕಿತ್ತು, ಬೇಡವೆಂದರೂ ವಾಪಸು ತೆಗೆದುಕೊಳ್ಳುವವರಿರಲಿಲ್ಲ.

ಆದ್ದರಿಂದ ಸೇತುವೆ ಸಾಧುವೇ. ಶಾಸ್ತ್ರಕ್ಕಾದ ನಷ್ಟವನ್ನು ಮಾತ್ರ ದಾಖಲಿಸಬೇಕು. ಹಿಂದೆ ಕೊನೆಯ ಲಾಂಚ್ ಆಚೆ ದಡಕ್ಕೆ ಹೋಯಿತೆಂದರೆ ಬೆಳಗಿನವರೆಗೆ ಯಾವ ನೆಂಟರೂ ಈ ಕಡೆ ಬರುವಂತಿರಲಿಲ್ಲ. ದ್ವೀಪದ ಉಳಿದ ಗುಣಗಳೆಲ್ಲ ಗೌಣ, ಇದೊಂದೇ ಮುಖ್ಯ. ಈಗ ರಾತ್ರಿ ಒಂಬತ್ತಕ್ಕೂ ಅಂಗಳದಲ್ಲಿ ಕಾರಿನ ದೀಪ ಬೀಳುತ್ತದೆ. ಅತ್ತೆ ಹೋಳಿಗೆಯ ಡಬ್ಬಿ ಹಿಡಿದು ಇಳಿಯುತ್ತಾರೆ, ಹಿಂದಿನ ಬಾಗಿಲಿನಿಂದ ಚಿಕ್ಕತ್ತೆ. ಕೂತು ಮಾತಾಡುತ್ತಾರೆ, ನಿಧಾನವಾಗಿ. ಹೊರಡುವ ಗಡಿಬಿಡಿ ಅವರಿಗೇನೂ ಇಲ್ಲ. ತಪ್ಪಿಹೋಗಲಿಕ್ಕೆ ಲಾಂಚ್ ಎಲ್ಲಿದೆ?